ಜೀಪಿನ ಮುಂದಿನ ಸ್ಪ್ರಿಂಗ್ ಬದಲಿಸ್ತೀರಾ? ಮೊದಲು ಟೇಪ್ ಹಿಡಿಯಿರಿ

ಸಂಡೂರಿನ ಗುಡ್ಡದ ದಾರಿ, ಅದಿರು ಲಾರಿಗಳು ಓಡಾಡಿ ಕಿತ್ತುಹೋದ ರಸ್ತೆ, ಸಿರುಗುಪ್ಪ ಕಡೆಯ ಎರೆ ಹೊಲ. ಬಳ್ಳಾರಿ ಜಿಲ್ಲೆಯಲ್ಲಿ ಹಳೆ ಜೀಪ್ ಇಟ್ಟುಕೊಂಡವರಿಗೆ ಮುಂದಿನ ಸ್ಪ್ರಿಂಗ್ ಕುಸಿಯುವುದು, ಪಟ್ಟಿ ತುಂಡಾಗುವುದು ಹೊಸದೇನಲ್ಲ. ಹೊಸ ಸೆಟ್ ಸಿಗದಿದ್ದರೆ ಗುಜರಿ ಅಂಗಡಿಗೆ ಹೋಗುತ್ತೇವೆ. ಮಹೀಂದ್ರದ ಹಳೆ ಜೀಪ್‌ಗಳ ಹೆಸರು ಹೇಳಿ ಅಲ್ಲಿ ಕೊಡುವ ಉತ್ತರ ಗೊತ್ತೇ ಇದೆ: "ಅಣ್ಣಾ, ಕಮಾಂಡರ್‌ದೂ ಎಂಎಂ 540ದೂ ಎಲ್ಲಾ ಒಂದೇ. ತಗೊಂಡು ಹೋಗಿ, ಆಗುತ್ತೆ."

ತೂತಿಗೆ ತೂತು ಕೂಡಿ ಬೋಲ್ಟ್ ಇಳಿದರೆ ಸಾಲದು. ಆ ಸ್ಪ್ರಿಂಗ್ ನಿಮ್ಮ ಗಾಡಿಯ ಭಾರಕ್ಕೆ ಸರಿಹೊಂದಬೇಕು. ಇದನ್ನು ಬಿಚ್ಚುವ ಮೊದಲೇ ತಿಳಿದುಕೊಳ್ಳಬಹುದು.

ಹೆಸರು ನಂಬಿ ಹೋಗಬೇಡಿ. 2010ರಲ್ಲಿ ಬಂದ ಮಹೀಂದ್ರ ಥಾರ್ ನೋಡಿ. ಅದರ ಡಿಐ ಇಂಜಿನ್ ಮಾಡೆಲ್‌ಗೆ ಮುಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು), ಸಿಆರ್‌ಡಿಇ ಇಂಜಿನ್ ಮಾಡೆಲ್‌ಗೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು). 2020ರ ಹೊಸ ಥಾರ್‌ಗೆ ಕಾಯಿಲ್ ಅಂದರೆ ಸುರುಳಿ ಸ್ಪ್ರಿಂಗ್. ಮಾರುತಿಯ ಜಿಪ್ಸಿಗೆ ನಾಲ್ಕೂ ಕಡೆ ಲೀಫ್, ಜಿಮ್ನಿಗೆ ನಾಲ್ಕೂ ಕಡೆ ಕಾಯಿಲ್. ಇಲ್ಲಿ ಹೇಳುತ್ತಿರುವುದು ಲೀಫ್ ಸ್ಪ್ರಿಂಗ್ ಗಾಡಿಗಳ ವಿಷಯ ಮಾತ್ರ. ಕಾಯಿಲ್ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಮುಟ್ಟಲೇಬಾರದು. ಅದು ಚಿಮ್ಮಿದರೆ ಮುಖ, ಕೈ ಉಳಿಯುವುದಿಲ್ಲ.

ಏನೇನು ಅಳೆಯಬೇಕು

ನಿಮ್ಮ ಗಾಡಿಯ ಸ್ಪ್ರಿಂಗ್, ಗುಜರಿಯ ಸ್ಪ್ರಿಂಗ್ ಎರಡನ್ನೂ ಅಳೆದು ಹೋಲಿಸಬೇಕು. ಉದ್ದದ ಪಟ್ಟಿಯ ಬಾಗಿನ ಗುಂಟ ಟೇಪ್ ಹಿಡಿದು, ಒಂದು ಕಣ್ಣಿನಿಂದ (ಪಟ್ಟಿಯ ತುದಿ ಸುತ್ತಿ ಮಾಡಿದ ತೂತು) ಇನ್ನೊಂದು ಕಣ್ಣಿನವರೆಗೆ ಅಳೆಯಿರಿ. ಆಮೇಲೆ ನಡುವಿನ ಸೆಂಟರ್ ಬೋಲ್ಟ್‌ನಿಂದ ಎರಡೂ ಕಣ್ಣಿಗೆ ಬೇರೆ ಬೇರೆ ಅಳತೆ ತಗೊಳ್ಳಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಸೆಂಟರ್ ಬೋಲ್ಟ್ ಸರಿಯಾಗಿ ನಡುವೆಯೇ ಇರಬೇಕೆಂದಿಲ್ಲ. ಆದರೆ ನಿಮ್ಮ ಹಳೆ ಸ್ಪ್ರಿಂಗಿನಲ್ಲಿ ಇದ್ದ ಜಾಗಕ್ಕಿಂತ ಅದು ಅರ್ಧ ಇಂಚು ಆಚೀಚೆ ಇದ್ದರೆ ಆಕ್ಸಲ್ ಕೂಡ ಅಷ್ಟೇ ಹಿಂದೆ ಮುಂದೆ ಹೋಗುತ್ತದೆ. ಪಟ್ಟಿಯ ಅಗಲ, ಬುಶ್ ಕೂರುವ ಕಣ್ಣಿನ ಒಳ ಅಳತೆ, ಸೆಂಟರ್ ಬೋಲ್ಟ್ ತಲೆಯ ಗಾತ್ರ ಇವೂ ಬೇಕು. ಆ ತಲೆ ಆಕ್ಸಲ್ ಮೇಲಿನ ಗುಳಿಯಲ್ಲಿ ಬಿಗಿಯಾಗಿ ಕೂತರೇನೇ ಆಕ್ಸಲ್ ಜಾಗ ಬಿಟ್ಟು ಕದಲುವುದಿಲ್ಲ.

ಇನ್ನು ದಪ್ಪ. ಎಷ್ಟು ಪಟ್ಟಿ ಅಂತ ಎಣಿಸಿದರೆ ಸಾಲದು, ವರ್ನಿಯರ್ ಹಿಡಿದು ಪ್ರತಿ ಪಟ್ಟಿಯ ದಪ್ಪ ನೋಡಬೇಕು. ಪಟ್ಟಿಯ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 6 ಮಿ.ಮೀ. ಪಟ್ಟಿಗೆ ಲೆಕ್ಕ 216 (6×6×6), 7 ಮಿ.ಮೀ. ಪಟ್ಟಿಗೆ 343 (7×7×7). ಅಂದರೆ ಒಂದೇ ಒಂದು ಮಿಲಿಮೀಟರ್ ಜಾಸ್ತಿಯಾದರೆ ಬಿಗಿ ಒಂದೂವರೆ ಪಟ್ಟು ದಾಟುತ್ತದೆ. ಪಟ್ಟಿಗಳ ಸಂಖ್ಯೆ ಅಷ್ಟೇ ಇದ್ದರೂ ಸ್ಪ್ರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗಿ ಗಾಡಿ ಕುಣಿಯುವುದಕ್ಕೆ ಕಾರಣ ಇದೇ. ಮುಂದಿನ ಸ್ಪ್ರಿಂಗ್ ಹೊರುವ ಭಾರದಲ್ಲಿ ಇಂಜಿನ್‌ನದೇ ದೊಡ್ಡ ಪಾಲು. ಹಾಗಾಗಿ ಗುಜರಿಯ ಸ್ಪ್ರಿಂಗ್ ಯಾವ ಇಂಜಿನ್ ಇದ್ದ ಗಾಡಿಯಿಂದ ಬಂತು, ಅದಕ್ಕೆ ಮುಂದೆ ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ), ದಪ್ಪ ಬಂಪರ್ ಇತ್ತಾ ಅಂತ ಕೇಳಿ.

ಕೆಲವು ಮಾಡೆಲ್‌ಗಳಲ್ಲಿ ಎಡ, ಬಲ ಸ್ಪ್ರಿಂಗ್ ಬೇರೆ ಬೇರೆ ಇರುತ್ತವೆ. ಕಳಚುವಾಗಲೇ ಬಣ್ಣದಿಂದ ಗುರುತು ಹಾಕಿ. ಒಂದು ಕಡೆಗೆ ಮಾತ್ರ ಹಾಕುವ ಯೋಚನೆ ಬೇಡ. ಹಾಕಿದರೆ ಜೋಡಿಯನ್ನೇ ಹಾಕಬೇಕು. ಗಾಡಿ ಎತ್ತರ ಕಾಣಲಿ ಅಂತ ಬೇರೆ ಸ್ಪ್ರಿಂಗ್ ಹುಡುಕುವವರಿಗೆ ಒಂದು ಮಾತು: ಅನುಮತಿ ಇಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ. ಮೂಲ ಅಳತೆಗೆ ಹೊಂದುವ ಸ್ಪ್ರಿಂಗನ್ನೇ ಹುಡುಕಿ.

ಬಿಚ್ಚುವುದು

ಹಿಂದಿನ ರಾತ್ರಿಯೇ ಎಲ್ಲಾ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಎತ್ತರ ಬರೆದಿಡಿ. ಎರೆ ಮಣ್ಣಿನ ಮೇಲೆ ಈ ಕೆಲಸ ಬೇಡವೇ ಬೇಡ. ಮೇಲೆ ಗಟ್ಟಿ ಕಂಡರೂ ಭಾರ ಬಿದ್ದಾಗ ಜಾಕ್ ಒಂದು ಕಡೆ ವಾಲುತ್ತದೆ.

ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಮುಂಭಾಗ ಎತ್ತಿ, ಸ್ಪ್ರಿಂಗ್ ಬ್ರಾಕೆಟ್ಟಿನ ಹಿಂದೆ ಚಾಸಿ ಕೆಳಗೆ ಎರಡು ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸೈಜುಗಲ್ಲು ಬೇಡ, ಒಡೆದರೆ ಪ್ರಾಣಕ್ಕೇ ಕುತ್ತು. ಗಾಡಿಯ ಭಾರ ಸ್ಟ್ಯಾಂಡ್ ಮೇಲಿರಲಿ, ಜಾಕ್ ಆಕ್ಸಲನ್ನು ಮಾತ್ರ ಹಿಡಿದಿರಲಿ.

ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ. ಎರಡನ್ನೂ ಒಟ್ಟಿಗೆ ತೆಗೆದರೆ ಆಕ್ಸಲ್ ಹಿಡಿತ ತಪ್ಪಿ ಉರುಳುತ್ತದೆ. ಚಕ್ರ, ಶಾಕ್ ಅಬ್ಸಾರ್ಬರ್‌ನ ಕೆಳ ತುದಿ ತೆಗೆದ ಮೇಲೆ ಜಾಕನ್ನು ನಿಧಾನಕ್ಕೆ ಇಳಿಸಿ, ಸ್ಪ್ರಿಂಗ್ ಸಡಿಲಾಗುವವರೆಗೆ. ಬ್ರೇಕ್ ಹೋಸ್ ಮೇಲೆ ಕಣ್ಣಿರಲಿ, ಅದು ಎಳೆಯಬಾರದು. ಆಮೇಲೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿರುವ ಯು ಬೋಲ್ಟ್, ಒಂದು ತುದಿಯನ್ನು ಚಾಸಿಗೆ ಸೇರಿಸುವ ಅಲ್ಲಾಡುವ ಕೊಂಡಿಯಾದ ಶ್ಯಾಕಲ್, ಕೊನೆಗೆ ಇನ್ನೊಂದು ತುದಿಯ ಪಿನ್ ತೆಗೆಯಿರಿ. ಹಳೆ ವಿಲ್ಲಿಸ್ ಮಾದರಿಯ ಥ್ರೆಡ್ ಶ್ಯಾಕಲ್‌ಗಳಲ್ಲಿ ಕೆಲವಕ್ಕೆ ಎಡ ಥ್ರೆಡ್ ಇರುತ್ತದೆ, ಅಂದರೆ ಅವು ಉಲ್ಟಾ ದಿಕ್ಕಿಗೆ ಬಿಚ್ಚುತ್ತವೆ. ಬಿಡುತ್ತಿಲ್ಲ ಅಂತ ಉದ್ದ ಪೈಪ್ ಹಾಕಿ ಎಳೆಯುವ ಮೊದಲು ಅದನ್ನು ನೋಡಿ. ಸೆಂಟರ್ ಬೋಲ್ಟ್ ಸುಮ್ನೆ ಬಿಚ್ಚಬೇಡಿ. ಪಟ್ಟಿಗಳನ್ನು ಕ್ಲ್ಯಾಂಪಿನಲ್ಲಿ ಬಿಗಿ ಹಿಡಿಯದಿದ್ದರೆ ಅವು ಹಾರಿ ಬರುತ್ತವೆ.

ಕೂರಿಸುವುದು

ಸ್ಪ್ರಿಂಗ್ ಹಳೆಯದಾದರೂ ಬುಶ್, ಯು ಬೋಲ್ಟ್ ಹೊಸವೇ ಇರಲಿ. ಎಳೆದು ಬಿಗಿಸಿದ ಹಳೆ ಯು ಬೋಲ್ಟ್ ಮತ್ತೆ ಅಷ್ಟೇ ಹಿಡಿತ ಕೊಡುವುದಿಲ್ಲ. ಪಿನ್ ಇರುವ ತುದಿ ಮೊದಲು, ಆಮೇಲೆ ಶ್ಯಾಕಲ್. ಸೆಂಟರ್ ಬೋಲ್ಟ್ ತಲೆ ಗುಳಿಯಲ್ಲಿ ಕೂತಿದ್ದನ್ನು ಬೆರಳಿಟ್ಟು ನೋಡಿ, ಯು ಬೋಲ್ಟ್‌ಗಳನ್ನು ಅಡ್ಡಡ್ಡಕ್ಕೆ ಸ್ವಲ್ಪ ಸ್ವಲ್ಪವಾಗಿ, ಮ್ಯಾನುವಲ್ಲಿನಲ್ಲಿ ಹೇಳಿದ ಟಾರ್ಕ್‌ಗೆ (ಬಿಗಿತದ ಅಳತೆ) ಬಿಗಿಸಿ.

ರಬ್ಬರ್ ಬುಶ್ ಇದ್ದರೆ ಪಿನ್, ಶ್ಯಾಕಲ್ ನಟ್‌ಗಳನ್ನು ಈಗಲೇ ಪೂರ್ತಿ ಬಿಗಿಸಬಾರದು. ಚಕ್ರ ನೆಲಕ್ಕೆ ಇಳಿದು, ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಬಂದ ಮೇಲೆಯೇ ಬಿಗಿಸಬೇಕು. ಗಾಳಿಯಲ್ಲಿ ನೇತಾಡುವಾಗ ಬಿಗಿಸಿದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಥ್ರೆಡ್ ಬುಶ್ ಆದರೆ ಗ್ರೀಸ್ ತುಂಬಿ. ಪಟ್ಟಿಗಳಿಗೆ ಹಳೆ ಇಂಜಿನ್ ಆಯಿಲ್ ಸುರಿಯುವ ರೂಢಿ ನಮ್ಮಲ್ಲಿದೆ, ದಯವಿಟ್ಟು ಬಿಡಿ. ಅದಿರಿನ ಕೆಂಪು ಧೂಳು ಅದಕ್ಕೆ ಅಂಟಿ ಪಟ್ಟಿಗಳನ್ನು ಅರೆಯುತ್ತದೆ, ಎಣ್ಣೆ ರಬ್ಬರನ್ನೂ ಹಾಳು ಮಾಡುತ್ತದೆ.

ಈಗ ಮತ್ತೆ ಎತ್ತರ ಅಳೆದು, ಬರೆದಿಟ್ಟಿದ್ದಕ್ಕೆ ಹೋಲಿಸಿ. ಮುಂದೆ ಎತ್ತರ ಕಂಡರೆ ಹಿಂದಿನ ಸ್ಪ್ರಿಂಗನ್ನೂ ನೋಡಿ. ಭತ್ತದ ಮೂಟೆ ಹೊತ್ತು ಹಿಂಭಾಗ ಕುಸಿದಿದ್ದರೂ ಮುಂಭಾಗ ಎದ್ದಂತೆ ಕಾಣುತ್ತದೆ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್ ಎಲ್ಲೂ ಎಳೆಯಬಾರದು, ಟೈರಿಗೆ ತಾಗಲೂಬಾರದು. ಎತ್ತರ ಬದಲಾದರೆ ಸ್ಟೀರಿಂಗ್ ನಡುವಿನ ಜಾಗ ತಪ್ಪಬಹುದು, ಹೆಡ್‌ಲೈಟ್ ಬೆಳಕು ಎದುರಿನವರ ಕಣ್ಣಿಗೆ ಹೊಡೆಯಬಹುದು. ಎರಡನ್ನೂ ಸರಿಮಾಡಿಸಿ, ಅಲೈನ್‌ಮೆಂಟ್ ನೋಡಿಸಿ.

ಮೊದಲು ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುತ್ತದಾ ನೋಡಿ. ಎಳೆದರೆ ಎರಡೂ ಕಡೆ ಸೆಂಟರ್ ಬೋಲ್ಟ್ ಗುಳಿಯಲ್ಲಿದೆಯಾ ಅಂತ ಮತ್ತೆ ಪರೀಕ್ಷಿಸಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಪಟ್ಟಿಗಳು ಒಂದಕ್ಕೊಂದು ಹೊಂದಿಕೊಂಡು ಯು ಬೋಲ್ಟ್ ಸಡಿಲಾಗಿರುತ್ತವೆ. ಆಗ ಅದೇ ಟಾರ್ಕ್‌ಗೆ ಇನ್ನೊಮ್ಮೆ ಬಿಗಿಸಿ.