ದವಡೆ ಹಲ್ಲಿನ ಕಚ್ಚುವ ಬಲ ಅಳೆಯಲು ನಾನು ಮಾಡಿಸಿಕೊಂಡ ಫೋರ್ಕ್: ನನ್ನ ಅನುಭವ

ಟಿ-ಸ್ಕ್ಯಾನ್ (ತೆಳು ಸೆನ್ಸರ್ ಹಾಳೆಯನ್ನು ಕಚ್ಚಿಸಿ ನೋಡುವ ಯಂತ್ರ) ಇದ್ದರೆ ಯಾವ ಹಲ್ಲು ಮೊದಲು ತಾಗುತ್ತದೆ, ಯಾವ ಬದಿಗೆ ಎಷ್ಟು ಪಾಲು ಭಾರ ಬೀಳುತ್ತದೆ ಎಂಬುದು ಚೆನ್ನಾಗಿ ಕಾಣುತ್ತದೆ. ಆದರೆ ಅದು ಕೊಡುವುದು ಶೇಕಡಾವಾರು ಲೆಕ್ಕ. ದವಡೆ ಮುರಿತಕ್ಕೆ ಪ್ಲೇಟ್ ಹಾಕಿದ ಮೇಲೆ ಬಲ ಎಷ್ಟು ಮರಳಿದೆ, ಹೊಸ ಹಲ್ಲುಸೆಟ್ ಹಾಕಿಕೊಂಡವರು ಎಷ್ಟು ಕಚ್ಚಬಲ್ಲರು ಎಂದು ತಿಳಿಯಲು ನ್ಯೂಟನ್ನಿನಲ್ಲೇ ಅಂಕಿ ಬೇಕು. ತೆಳು ಫ್ಲೆಕ್ಸಿಫೋರ್ಸ್ ಸೆನ್ಸರ್ ಅಗ್ಗ, ದಪ್ಪ ಕೇವಲ 0.2 ಮಿ.ಮೀ. ಆದರೆ ಹಲ್ಲಿನ ಮೊನೆ ಅದರ 9.5 ಮಿ.ಮೀ. ವೃತ್ತದ ಒಂದೇ ಚುಕ್ಕೆಯ ಮೇಲೆ ಒತ್ತಿದರೆ ಅಂಕಿ ಬದಲಾಗುತ್ತದೆ, ಒತ್ತಿ ಹಿಡಿದಷ್ಟು ಹೊತ್ತೂ ನಿಧಾನವಾಗಿ ಏರುತ್ತಲೇ ಇರುತ್ತದೆ. ಹಾಗಾಗಿ ನಾನು ಸ್ಟ್ರೇನ್ ಗೇಜ್ (ಲೋಹ ಬಾಗಿದಂತೆ ವಿದ್ಯುತ್ ರೋಧ ಬದಲಾಗುವ ತೆಳು ಪಟ್ಟಿ) ಅಂಟಿಸಿದ, ಎರಡು ತೋಳಿನ ಉಕ್ಕಿನ ಫೋರ್ಕ್ ಮಾಡಿಸಿದೆ.

ವಯಸ್ಕರ ಮೊದಲ ದವಡೆ ಹಲ್ಲಿನಲ್ಲಿ ಒಂದು ಬದಿಗೆ ಸಾಮಾನ್ಯವಾಗಿ 300ರಿಂದ 700 ನ್ಯೂಟನ್ ಬಲ ಬರುತ್ತದೆ. ನಾನು ಲೆಕ್ಕಕ್ಕೆ ಹಿಡಿದದ್ದು 700, ಅಂದರೆ 70 ಕಿಲೋಗೂ ಹೆಚ್ಚು ತೂಕ. ತೋಳಿನ ಉದ್ದ 60 ಮಿ.ಮೀ., ಅಗಲ 14, ಬುಡದಲ್ಲಿ ದಪ್ಪ 8, ಕಚ್ಚುವ ತುದಿಯಲ್ಲಿ 4. ಇಷ್ಟರಲ್ಲೇ ಬುಡದ ಬಳಿ ಒತ್ತಡ 280 ಮೆಗಾಪಾಸ್ಕಲ್ ಮುಟ್ಟುತ್ತದೆ. ವರ್ಕ್‌ಶಾಪಿನವರು ಕೈಗೆ ಸಿಕ್ಕ 304 ಸ್ಟೇನ್‌ಲೆಸ್ ಸಾಕು ಅನ್ನುತ್ತಾರೆ. ಒಪ್ಪಬೇಡಿ, ಅದು 215ರ ಆಸುಪಾಸಿನಲ್ಲೇ ಬಾಗಿ ಹಾಗೇ ಉಳಿಯುತ್ತದೆ. 17-4 ಪಿಎಚ್ ಎಂಬ, ಕಾಯಿಸಿ ಗಟ್ಟಿಯಾಗಿಸುವ ಸ್ಟೇನ್‌ಲೆಸ್ ಉಕ್ಕಿನ 14 ಮಿ.ಮೀ. ಪ್ಲೇಟ್ ತಂದು, ಬೆಂಗಳೂರಿನ ಪೀಣ್ಯದಲ್ಲಿ ವೈರ್‌ಕಟ್ (ವಿದ್ಯುತ್ ಕಿಡಿ ಹಾರಿಸುವ ತಂತಿಯಿಂದ ಕತ್ತರಿಸುವುದು) ಮಾಡಿಸಿ, ಆಮೇಲೆ 482 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಹದಗೊಳಿಸಿದರೆ ತಾಳಿಕೆ ಈ ಒತ್ತಡದ ನಾಲ್ಕು ಪಟ್ಟಿಗೂ ಹೆಚ್ಚಾಗುತ್ತದೆ. ಎರಡು ತೋಳೂ ಒಂದೇ ತುಂಡಿನಲ್ಲಿರಲಿ. ಸ್ಕ್ರೂ ಹಾಕಿ ಜೋಡಿಸಿದರೆ ಜಾರಿಕೆ ಅಂಕಿಯಲ್ಲಿ ಕಾಣುತ್ತದೆ. ನಡುವಿನ ಸೀಳು 2 ಮಿ.ಮೀ., ಅದರ ಕೊನೆಗೆ ಗುಂಡನೆ ರಂಧ್ರ. 700 ನ್ಯೂಟನ್ನಿಗೆ ತುದಿಗಳು ಸುಮಾರು 1 ಮಿ.ಮೀ. ಹತ್ತಿರವಾಗುತ್ತವೆ. ಸೀಳು ಅದಕ್ಕಿಂತ ಕಿರಿದಾದರೆ ತೋಳುಗಳು ಒಂದಕ್ಕೊಂದು ತಾಗಿ ಅಂಕಿ ಅಲ್ಲೇ ನಿಂತುಬಿಡುತ್ತದೆ.

ಗೇಜ್ ಅಂಟಿಸುವ ಜಾಗವೇ ಈ ಕೆಲಸದ ಜೀವ. ಒಂದೇ ಜಾಗದಲ್ಲಿ ಅಂಟಿಸಿದರೆ ಅದು ಅಳೆಯುವುದು ಬಾಗುವಿಕೆಯನ್ನು, ಬಲವನ್ನಲ್ಲ. ರೋಗಿ 5 ಮಿ.ಮೀ. ಒಳಗೆ ಕಚ್ಚಿದರೂ ಅಂಕಿ ಬೇರೆ. ಹಾಗಾಗಿ ಬುಡದಿಂದ 8 ಮಿ.ಮೀ. ದೂರದಲ್ಲಿ ಎರಡು, 28 ಮಿ.ಮೀ. ದೂರದಲ್ಲಿ ಎರಡು, ಒಟ್ಟು ನಾಲ್ಕು 350 ಓಮ್ ಗೇಜ್‌ಗಳನ್ನು ಒಂದು ತೋಳಿನ ಹೊರಮುಖಕ್ಕೆ ಅಕ್ಕಪಕ್ಕ ಅಂಟಿಸಿದೆ. ಒಂದು ಜಾಗದ ಜೋಡಿ ಬ್ರಿಜ್‌ನ (ನಾಲ್ಕೂ ಗೇಜ್‌ಗಳನ್ನು ಚೌಕದಂತೆ ಜೋಡಿಸುವ ಸರ್ಕ್ಯೂಟ್) ಎದುರುಬದುರು ಬದಿಗಳಿಗೆ ಹೋಗಬೇಕು. ಆಗ ಎರಡು ಜಾಗಗಳ ಬಾಗುವಿಕೆಯ ವ್ಯತ್ಯಾಸ ಮಾತ್ರ ಹೊರಬರುತ್ತದೆ, ಅದು ಕಚ್ಚಿದ ಜಾಗವನ್ನು ಅವಲಂಬಿಸುವುದಿಲ್ಲ. ಈ ಎರಡು ಜಾಗಗಳ ನಡುವೆ ದಪ್ಪ ಒಂದೇ ಇರಬೇಕು, ತೆಳುವಾಗುವುದು ಅದರಾಚೆಗೆ. ಪರೀಕ್ಷೆ ಸುಲಭ: 10 ಕಿಲೋ ತೂಕವನ್ನು ತುದಿಗೆ ತೂಗುಹಾಕಿ, ಆಮೇಲೆ 10 ಮಿ.ಮೀ. ಒಳಕ್ಕೆ ಸರಿಸಿ. ಅಂಕಿ ಶೇ. 2ಕ್ಕಿಂತ ಹೆಚ್ಚು ಬದಲಾದರೆ ಎರಡು ತಂತಿ ಅದಲುಬದಲಾಗಿದೆ ಅಥವಾ ಗೇಜ್ ಓರೆಯಾಗಿದೆ.

ಗೇಜ್ ಕೊಳ್ಳುವಾಗ ಬಿಸಿಗೆ ಈ ಉಕ್ಕು ಹಿಗ್ಗುವುದಕ್ಕೆ ಹೊಂದುವ, 11 ಪಿಪಿಎಂ (ಡಿಗ್ರಿಗೆ ಹತ್ತು ಲಕ್ಷದಲ್ಲಿ 11 ಪಾಲು) ಉಷ್ಣ ಹೊಂದಾಣಿಕೆಯದ್ದೇ ಕೇಳಿ. 23 ಇರುವುದು ಅಲ್ಯೂಮಿನಿಯಂಗೆ. ಎಂಜಲಿನ ತೇವದಲ್ಲಿ ಸೂಪರ್‌ಗ್ಲೂ ಮಾದರಿಯ ಅಂಟು ಬಹಳ ದಿನ ನಿಲ್ಲುವುದಿಲ್ಲ, ಬಿಸಿಯಲ್ಲಿ ಗಟ್ಟಿಯಾಗುವ ಎಪಾಕ್ಸಿ ಬೇಕು. ಮೇಲೆ ಪಾಲಿಯುರೆಥೇನ್, ಅದರ ಮೇಲೆ ಸಿಲಿಕೋನ್. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ತಂತಿಯನ್ನು ತಿನ್ನುತ್ತದೆ.

ಗೇಜ್‌ನ ಸಂಕೇತವನ್ನು ಅಂಕಿಯಾಗಿಸುವ ಎಚ್‌ಎಕ್ಸ್711 ಬೋರ್ಡ್, ಅದನ್ನು ಓದುವ ಆರ್ಡುಯಿನೊ, ಬ್ಯಾಟರಿ ಎಲ್ಲ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಎಚ್‌ಎಕ್ಸ್711 ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಅಳೆಯುವಂತೆ ಬರುತ್ತದೆ. ಜೋರಾಗಿ ಕಚ್ಚಿದ ಶಿಖರ ಆ ಸಂದಿಯಲ್ಲಿ ತಪ್ಪಿಹೋಗುತ್ತದೆ. ಅದರ ರೇಟ್ ಪಿನ್ನನ್ನು ಗ್ರೌಂಡ್‌ನಿಂದ ಬಿಡಿಸಿ 5 ವೋಲ್ಟ್‌ಗೆ ಕಟ್ಟಿದರೆ 80 ಆಗುತ್ತದೆ. ರೋಗಿಯ ಬಾಯಲ್ಲಿ ಫೋರ್ಕ್ ಇರುವಾಗ ಲ್ಯಾಪ್‌ಟಾಪಿನ ಚಾರ್ಜರ್ ಗೋಡೆಯಿಂದ ಕಿತ್ತಿರಲೇಬೇಕು.

ಕ್ಯಾಲಿಬ್ರೇಷನ್‌ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 20 ಕಿಲೋ ತೂಕಗಳು ಮೂರು ಸಾಕು. ಒಂದೊಂದಾಗಿ ಏರಿಸಿ, ಅದೇ ಕ್ರಮದಲ್ಲಿ ಇಳಿಸಿ. ಬೆಂಗಳೂರಿನಲ್ಲಿ 1 ಕಿಲೋ ಎಂದರೆ 9.78 ನ್ಯೂಟನ್, ಮೂರೂ ಸೇರಿ 587. ಇಳಿಸುವಾಗಿನ ಅಂಕಿ ಏರಿಸುವಾಗಿನದಕ್ಕಿಂತ ಸತತ ಹೆಚ್ಚಿದ್ದರೆ ಅಂಟು ಸರಿಯಾಗಿ ಹಿಡಿಯದೆ ಇರಬಹುದು.

ತುದಿಗಳಿಗೆ ಮೌತ್‌ಗಾರ್ಡ್ ಮಾಡುವ 2 ಮಿ.ಮೀ. ಇವಿಎ (ಮೆದು ಪ್ಲಾಸ್ಟಿಕ್) ಹಾಳೆಯ ತುಂಡು, ಅದರ ಮೇಲೆ ಪ್ರತಿ ರೋಗಿಗೂ ಹೊಸ ಹೊದಿಕೆ. ಬರಿ ಉಕ್ಕನ್ನು ಯಾರೂ ಪೂರ್ತಿ ಬಲದಿಂದ ಕಚ್ಚುವುದಿಲ್ಲ, ಹಲ್ಲು ಮುರಿಯುವ ಭಯ ಸ್ನಾಯುವನ್ನು ತಡೆಯುತ್ತದೆ. ಒಟ್ಟು ದಪ್ಪ 14 ಮಿ.ಮೀ. ಬಾಯಿ ಎಷ್ಟು ತೆರೆಸಿದ್ದೇವೆ ಎಂಬುದರ ಮೇಲೆ ಬಲ ಬದಲಾಗುತ್ತದೆ, ಆದ್ದರಿಂದ ದಪ್ಪವನ್ನು ಕೇಸ್ ಶೀಟಿನಲ್ಲಿ ಬರೆಯದಿದ್ದರೆ ಮುಂದಿನ ಸಲದ ಅಂಕಿಗೆ ಹೋಲಿಸಲಾಗದು. ಫೋರ್ಕ್ ಬಾಯೊಳಗೆ ಒಂದು ನಿಮಿಷ ಸುಮ್ಮನಿರಲಿ, ಆಮೇಲೆ ಸೊನ್ನೆ ಮಾಡಿ. ತುದಿ ಬುಡಕ್ಕಿಂತ ಬೇಗ ಬಿಸಿಯಾಗುವುದರಿಂದ ಸೊನ್ನೆ ಜಾರುತ್ತದೆ. ಬೆನ್ನು ನೇರ, ಪಾದ ನೆಲಕ್ಕೆ. "ಅಮ್ಮಾ, ಒಣಕೊಬ್ಬರಿ ಕಡಿಯೋ ಹಾಗೆ ಜೋರಾಗಿ ಕಚ್ಚಿ, ಬಿಡ್ಬೇಡಿ" ಎಂದು ಹೇಳಿ ಮೂರು ಸೆಕೆಂಡು ಕಚ್ಚಿಸಿ, ಪರದೆ ಅವರಿಗೂ ಕಾಣುವಂತಿಡಿ. ಪ್ರತಿ ಬದಿಗೆ ಮೂರು ಸಲ, ನಡುವೆ ಎರಡು ನಿಮಿಷ ಬಿಡುವು. ನಾನು ದೊಡ್ಡ ಅಂಕಿಯನ್ನು ದಾಖಲಿಸುತ್ತೇನೆ. ಸರಾಸರಿ ಬರೆಯುವವರು ಯಾವಾಗಲೂ ಸರಾಸರಿಯನ್ನೇ ಬರೆಯಲಿ.

ಅಲ್ಲಾಡುವ ಹಲ್ಲು, ಬಿರುಕು ಬಿಟ್ಟ ಹಲ್ಲು, ದವಡೆ ಕೀಲಿನ ನೋವು ಇದ್ದರೆ ಅಳೆಯುವುದೇ ಬೇಡ. ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕದ ಹಲ್ಲಿಗೂ ಇದೇ ಮಾತು.

ಪೂರ್ತಿ ಹಲ್ಲುಸೆಟ್‌ನವರ ವಿಷಯ ಬೇರೆ. ಅವರ ಬಲ ಸ್ವಂತ ಹಲ್ಲಿನವರ ನಾಲ್ಕನೇ ಒಂದು ಪಾಲಿನ ಆಸುಪಾಸು. ಒಂದು ಬದಿಗೆ ಮಾತ್ರ ಫೋರ್ಕ್ ಇಟ್ಟರೆ ಇನ್ನೊಂದು ಬದಿಯ ಸೆಟ್ ಎದ್ದುಬಿಡುತ್ತದೆ, ಆಗ ಅಂಕಿ ಹೇಳುವುದು ಸೆಟ್ ಎಷ್ಟು ಬಲಕ್ಕೆ ಎದ್ದಿತು ಎಂಬುದನ್ನು. ಎದುರು ಬದಿಗೆ ಅಷ್ಟೇ ದಪ್ಪದ ಅಕ್ರಿಲಿಕ್ ತುಂಡಿಡಬೇಕು. ಅದೇ ಇವಿಎ ಹಾಳೆ ಅದಕ್ಕೂ ಬೇಕು, ಇಲ್ಲದಿದ್ದರೆ ಗಟ್ಟಿ ಬದಿ ಹೆಚ್ಚು ಹೊರುತ್ತದೆ. ಹೀಗೆ ಇಟ್ಟಾಗ ಫೋರ್ಕ್ ತೋರಿಸುವುದು ಒಟ್ಟು ಬಲದ ಒಂದು ಪಾಲನ್ನಷ್ಟೇ. ಬದಿ ಬದಲಿಸಿ ಎರಡನ್ನೂ ಕೂಡಿಸಿ, ಪಕ್ಕದಲ್ಲಿ "ಎರಡೂ ಬದಿ" ಎಂದು ಬರೆದಿಡಿ.