ಮಿಡ್‌ಟರ್ಮ್ ಲೆಕ್ಕ: ಮಳೆ ನೋಡೋದು ಬಿಟ್ಟು ತಗ್ಗು ನೋಡಲು ಕಲಿತೆ

2018ರ ನವೆಂಬರ್ 6ರ ರಾತ್ರಿ, ಹನ್ನೊಂದು ಗಂಟೆ ಇರಬೇಕು. ಕ್ಯಾಲಿಫೋರ್ನಿಯಾದ ಇರ್ವೈನ್‌ನಲ್ಲಿ ನಮ್ಮ ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು, ಪಕ್ಕದಲ್ಲಿ ಅರ್ಧ ತಿಂದ ಚಿತ್ರಾನ್ನ. ನಮ್ಮದೇ ಕ್ಷೇತ್ರದ, ಅಂದರೆ ಹೌಸ್‌ನ (ಅಮೆರಿಕದ ಸಂಸತ್ತಿನ ಕೆಳಮನೆ) ಕ್ಯಾಲಿಫೋರ್ನಿಯಾ 45ನೇ ಕ್ಷೇತ್ರದ, ಎಣಿಕೆ ಬರುತ್ತಿತ್ತು. ಹಾಲಿ ಸದಸ್ಯೆ, ರಿಪಬ್ಲಿಕನ್ ಪಕ್ಷದ ಮಿಮಿ ವಾಲ್ಟರ್ಸ್ ಮುಂದಿದ್ದರು. ಡೆಮಾಕ್ರಾಟ್ ಕೇಟಿ ಪೋರ್ಟರ್ ಹಿಂದೆ. ಯಾವ ಸೀಟು ಯಾರು ಗೆಲ್ಲಬಹುದು ಅಂತ ಮುಂಚೆಯೇ ಲೆಕ್ಕ ಹಾಕಿಡುವ ನನ್ನ ಹಾಳೆಯಲ್ಲಿ ಆ ಸೀಟಿನ ಮುಂದೆ "ಪೋರ್ಟರ್ 55%" ಅಂತ, ಅಂದರೆ ಗೆಲ್ಲುವ ಅವಕಾಶ ನೂರಕ್ಕೆ 55 ಅಂತ, ಬರೆದಿತ್ತು. ಅಷ್ಟರಲ್ಲಿ ಸ್ನೇಹಿತರೊಬ್ಬರು ಫೋನ್ ಮಾಡಿ, "ಏನ್ರೀ, ನಿಮ್ಮ ಮನೆ ಮುಂದಿನ ಸೀಟೇ ತಪ್ಪಾಯ್ತಲ್ಲ?" ಅಂದರು. ನನಗೂ ಹಾಗೇ ಅನ್ನಿಸಿತು. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ತಪ್ಪಾಗಿರಲಿಲ್ಲ. ಇಲ್ಲಿ ತುಂಬಾ ಜನ ಅಂಚೆಯಲ್ಲಿ ವೋಟ್ ಕಳಿಸುತ್ತಾರೆ. ಕೊನೆ ದಿನ ಬಂದ ಲಕೋಟೆಗಳ ಸಹಿ ತಾಳೆ ನೋಡಿ ಎಣಿಸಲು ದಿನಗಟ್ಟಲೆ ಬೇಕು. ಪ್ರತಿ ದಿನ ಹೊಸ ಸಂಖ್ಯೆ ಬರುತ್ತಿತ್ತು, ಪ್ರತಿ ದಿನ ವಾಲ್ಟರ್ಸ್ ಲೀಡ್ ಕರಗುತ್ತಿತ್ತು. ನವೆಂಬರ್ 15ಕ್ಕೆ ಪೋರ್ಟರ್ ಗೆದ್ದರು ಅಂತ ಘೋಷಣೆಯಾಯಿತು. ಕೊನೆಗೆ ಸುಮಾರು 4 ಅಂಶಗಳ, ಅಂದರೆ ನೂರು ಮತಕ್ಕೆ 4ರ, ಅಂತರ. ಆಗ ನಾನು ಎಚ್‌-1ಬಿ ವೀಸಾದಲ್ಲಿದ್ದೆ, ನನಗೆ ವೋಟೇ ಇರಲಿಲ್ಲ. ಆದರೂ ಆ ಒಂಬತ್ತು ದಿನ ನಾನು ಆ ಸಂಖ್ಯೆಗಳನ್ನು ಕಾದಷ್ಟು ಬೇರೆ ಯಾವುದನ್ನೂ ಕಾದಿಲ್ಲ.

ಮಿಡ್‌ಟರ್ಮ್ ಅಂದರೆ ನಮ್ಮ ಕಡೆ ಹೇಳುವ ಮಧ್ಯಂತರ ಚುನಾವಣೆ ಅಲ್ಲ. ಇಲ್ಲಿ ಸರ್ಕಾರ ಬಿದ್ದು ಚುನಾವಣೆ ಬರೋದಿಲ್ಲ. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ, ಎರಡು ವರ್ಷ ಆದಾಗ, ಹೌಸ್‌ನ 435 ಸೀಟುಗಳಿಗೂ ಮೇಲ್ಮನೆಯಾದ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೂ ಚುನಾವಣೆ. ಹೌಸ್‌ನಲ್ಲಿ ಬಹುಮತಕ್ಕೆ 218 ಬೇಕು.

ಯಾವ ಪಕ್ಷಕ್ಕೆ ಸೀಟು ಜಾಸ್ತಿ ಆಗುತ್ತೆ ಅನ್ನೋದು ನಿಜಕ್ಕೂ ಸುಲಭದ ಪ್ರಶ್ನೆ. ಅಧ್ಯಕ್ಷರ ಪಕ್ಷ ಕಳೆದುಕೊಳ್ಳುತ್ತೆ, ಎದುರು ಪಕ್ಷ ಗಳಿಸುತ್ತೆ, ಅಷ್ಟೇ. ಎರಡನೇ ಮಹಾಯುದ್ಧದ ನಂತರ ಹೌಸ್‌ನಲ್ಲಿ ಇದು ತಪ್ಪಿದ್ದು ಎರಡೇ ಸಲ. 1998ರಲ್ಲಿ ಕ್ಲಿಂಟನ್ ಮೇಲೆ ಮಹಾಭಿಯೋಗದ ಗಲಾಟೆ ನಡೆಯುತ್ತಿದ್ದರೂ ಆರ್ಥಿಕತೆ ಚೆನ್ನಾಗಿತ್ತು, ಜನ ಅವರ ಕೈಬಿಡಲಿಲ್ಲ. 2002ರಲ್ಲಿ ಸೆಪ್ಟೆಂಬರ್ 11ರ ದಾಳಿಯ ನೆನಪು ಇನ್ನೂ ಹಸಿಯಾಗಿತ್ತು, ಬುಷ್ ಪಕ್ಷಕ್ಕೆ 8 ಸೀಟು ಹೆಚ್ಚಾಯಿತು. ಎರಡೂ ಸಲ ಅಧ್ಯಕ್ಷರನ್ನು ಮೆಚ್ಚುವವರ ಪ್ರಮಾಣ 60% ದಾಟಿತ್ತು. ಉಳಿದಂತೆ ಪ್ರತಿ ಸಲ ಇಳಿತವೇ. ಕಷ್ಟದ ಪ್ರಶ್ನೆ ಎಷ್ಟು ಸೀಟು ಅನ್ನೋದು. 5 ಸೀಟೋ 60 ಸೀಟೋ ಅನ್ನೋದರ ಮೇಲೆ ಇಡೀ ದೇಶದ ಮುಂದಿನ ಎರಡು ವರ್ಷ ನಿಂತಿರುತ್ತೆ.

ನಾನು ಮೊದಲ ಸಲ ಕೈಹಾಕಿದ್ದು 2014ರಲ್ಲಿ. ಇಲ್ಲಿಗೆ ಬಂದು ಒಂದು ವರ್ಷವಾಗಿತ್ತು. ಓದಿದ್ದು ಇಷ್ಟು: 2010ರಲ್ಲಿ ಒಬಾಮಾ ಮೆಚ್ಚುಗೆ 45%ರ ಆಸುಪಾಸು ಇದ್ದಾಗ ಅವರ ಪಕ್ಷ 63 ಸೀಟು ಕಳೆದುಕೊಂಡಿತ್ತು. 2014ರಲ್ಲಿ ಮೆಚ್ಚುಗೆ ಅದಕ್ಕಿಂತಲೂ ಸ್ವಲ್ಪ ಕೆಳಗೆ. ಹಾಗಾದರೆ ಸುಮಾರು 45 ಸೀಟಾದರೂ ಹೋಗಬೇಕು ಅಂತ ಬರೆದಿಟ್ಟೆ. ಹೋಗಿದ್ದು 13.

ತುಂಬಾ ದಿನ ಯೋಚನೆ ಮಾಡಿದೆ. ಉತ್ತರ ಸಿಕ್ಕಿದ್ದು ಆಫೀಸಿನಲ್ಲಿ. ನನ್ನ ಕೆಲಸ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ನಷ್ಟದ ಲೆಕ್ಕ ಹಾಕೋದು. ಪ್ರವಾಹದ ವಿಮೆ ಲೆಕ್ಕ ಹಾಕುವಾಗ ಮಳೆ ಎಷ್ಟು ಬರುತ್ತೆ ಅನ್ನೋದನ್ನು ಮಾತ್ರ ನೋಡೋದಿಲ್ಲ, ತಗ್ಗಿನಲ್ಲಿ ಎಷ್ಟು ಮನೆಗಳಿವೆ ಅನ್ನೋದನ್ನೂ ನೋಡುತ್ತೇವೆ. ಹೋದ ವರ್ಷದ ನೆರೆಯಲ್ಲಿ ತಗ್ಗಿನ ಮನೆಗಳೆಲ್ಲ ಕೊಚ್ಚಿ ಹೋಗಿದ್ದರೆ ಈ ವರ್ಷ ಅಷ್ಟೇ ಮಳೆ ಬಂದರೂ ನಷ್ಟ ಕಡಿಮೆ. ಯಾಕಂದ್ರೆ ಕೊಚ್ಚಿ ಹೋಗೋಕೆ ಏನೂ ಉಳಿದಿಲ್ಲ! 2008ರಲ್ಲಿ ಡೆಮಾಕ್ರಾಟರು ಹೌಸ್‌ನಲ್ಲಿ 257 ಸೀಟು ಗೆದ್ದಿದ್ದರು, ಅದರಲ್ಲಿ ಎಷ್ಟೋ ಅವರಿಗೆ ಸ್ವಭಾವತಃ ಸೇರಬೇಕಾದ ಸೀಟುಗಳೇ ಅಲ್ಲ. 2010ರಲ್ಲಿ ಅವೆಲ್ಲ ಹೋದವು. 2014ರ ಹೊತ್ತಿಗೆ ಅವರ ಹತ್ತಿರ ಇದ್ದದ್ದು 201. ಹೆಚ್ಚಿನವು ದಿಬ್ಬದ ಮೇಲಿನ ಮನೆಗಳು. ನಾನು ಮಳೆ ಒಂದನ್ನೇ ಅಳೆದಿದ್ದೆ.

ಅಂದಿನಿಂದ ನನ್ನ ಹಾಳೆಯ ಮೊದಲ ಕೆಲಸ ತಗ್ಗಿನ ಮನೆಗಳ ಪಟ್ಟಿ ಮಾಡೋದು. ಒಂದು ಪಕ್ಷದ ಅಧ್ಯಕ್ಷ ಅಭ್ಯರ್ಥಿ ಗೆದ್ದ ಕ್ಷೇತ್ರದಲ್ಲಿ ಹೌಸ್ ಸೀಟು ಎದುರು ಪಕ್ಷದ ಕೈಯಲ್ಲಿದ್ದರೆ ಅದು ತಗ್ಗಿನ ಮನೆ. 2018ಕ್ಕೆ ಮುಂಚೆ ಎಣಿಸಿದಾಗ, 2016ರಲ್ಲಿ ಹಿಲರಿ ಕ್ಲಿಂಟನ್ ಗೆದ್ದ 23 ಕ್ಷೇತ್ರಗಳಲ್ಲಿ ರಿಪಬ್ಲಿಕನ್ ಸದಸ್ಯರಿದ್ದರು. ಅದರಲ್ಲಿ 7 ಕ್ಯಾಲಿಫೋರ್ನಿಯಾದಲ್ಲೇ, ನಮ್ಮದೂ ಒಂದು. ನಾವಿರುವ ಆರೆಂಜ್ ಕೌಂಟಿ 1936ರ ನಂತರ ಮೊದಲ ಸಲ ಡೆಮಾಕ್ರಾಟ್ ಅಧ್ಯಕ್ಷ ಅಭ್ಯರ್ಥಿಗೆ ಒಲಿದದ್ದು 2016ರಲ್ಲಿ. 2018ರಲ್ಲಿ ಆ ಏಳೂ ಸೀಟು ಕೈಬದಲಾದವು.

ಎರಡನೇ ಕೆಲಸ ಒಂದೊಂದು ಸೀಟಿಗೂ ಸಂಖ್ಯೆ ಹಾಕೋದು. ನಮ್ಮ 45ನೇ ಕ್ಷೇತ್ರಕ್ಕೆ ಹೇಗೆ ಹಾಕಿದೆ ಅಂತ ಪೂರ್ತಿ ಹೇಳುತ್ತೇನೆ. 2016ರಲ್ಲಿ ಕ್ಲಿಂಟನ್ ಇಲ್ಲಿ ಸುಮಾರು 5 ಅಂಶಗಳಿಂದ ಮುಂದಿದ್ದರು, ಇಡೀ ದೇಶದಲ್ಲಿ 2ರಿಂದ. ಅಂದರೆ ಈ ಕ್ಷೇತ್ರ ದೇಶಕ್ಕಿಂತ 3 ಅಂಶ ಡೆಮಾಕ್ರಾಟ್ ಕಡೆಗಿದೆ. ಆದರೆ ಅದೇ ದಿನ, ಅದೇ ಮತದಾರರು, ಹೌಸ್‌ಗೆ ವಾಲ್ಟರ್ಸ್ ಅವರನ್ನು ಸುಮಾರು 17 ಅಂಶಗಳಿಂದ ಗೆಲ್ಲಿಸಿದ್ದರು. ಎರಡರಲ್ಲಿ ಯಾವುದನ್ನು ನಂಬೋದು? "ಇವತ್ತೇ ಚುನಾವಣೆಯಾದರೆ ನಿಮ್ಮ ಕ್ಷೇತ್ರದಲ್ಲಿ ಯಾವ ಪಕ್ಷಕ್ಕೆ ಹಾಕ್ತೀರಿ" ಅಂತ ದೇಶದಾದ್ಯಂತ ಕೇಳುವ ಸಮೀಕ್ಷೆಗಳಲ್ಲಿ ಡೆಮಾಕ್ರಾಟರು 8ರ ಹತ್ತಿರ ಮುಂದಿದ್ದರು. ಮೊದಲ ದಾರಿಯಲ್ಲಿ ಲೆಕ್ಕ ಹಾಕಿದರೆ 3ಕ್ಕೆ 8 ಸೇರಿ ಪೋರ್ಟರ್ 11ರಿಂದ ಗೆಲ್ಲಬೇಕು. ಎರಡನೇ ದಾರಿಯಲ್ಲಿ, 2016ರ ಹೌಸ್ ಮತಗಳಲ್ಲಿ ದೇಶ ರಿಪಬ್ಲಿಕನ್ ಕಡೆ 1 ಅಂಶ ವಾಲಿತ್ತು, ಅಲ್ಲಿಂದ ಈ ಕಡೆ 8ಕ್ಕೆ ಬಂದರೆ 9 ಅಂಶಗಳ ಬದಲಾವಣೆ, 17ರಲ್ಲಿ 9 ಕಳೆದರೆ ವಾಲ್ಟರ್ಸ್ 8ರಿಂದ ಗೆಲ್ಲಬೇಕು. ಎರಡನ್ನೂ ಕೂಡಿಸಿ ಅರ್ಧ ಮಾಡಿದೆ. ಪೋರ್ಟರ್ ಒಂದೂವರೆ ಅಂಶ ಮುಂದೆ ಅಂತ ಬಂತು. ಅದಕ್ಕೇ 55%. ನಿಜವಾಗಿ ಬಂದದ್ದು 4. ಹಾಲಿ ಸದಸ್ಯರ ಹೆಸರಿಗೆ ನಾನು ಕೊಟ್ಟ ಬೆಲೆ ಜಾಸ್ತಿಯಾಗಿತ್ತು. ಈಗ ಜನ ಅಭ್ಯರ್ಥಿಗಿಂತ ಪಕ್ಷ ನೋಡಿ ವೋಟ್ ಹಾಕೋದು ಹೆಚ್ಚಾಗಿದೆ. ಹಾಗಾಗಿ ಅಧ್ಯಕ್ಷ ಚುನಾವಣೆಯ ಅಂಕಿಗೆ ಮೂರರಲ್ಲಿ ಎರಡು ಪಾಲು, ಸದಸ್ಯರ ಹಳೆ ಗೆಲುವಿಗೆ ಒಂದು ಪಾಲು ಕೊಡುತ್ತೇನೆ.

ಕೂಡಿಸುವಾಗಲೂ ಹುಷಾರಾಗಿರಬೇಕು. ಹತ್ತು ಸೀಟುಗಳಲ್ಲಿ ಒಂದು ಪಕ್ಷಕ್ಕೆ ತಲಾ 60% ಅವಕಾಶ ಇದ್ದರೆ ಹತ್ತೂ ಅವರಿಗೆ ಅಂತ ಬರೆಯಬಾರದು, ಆರು ಅಂತ ಬರೆಯಬೇಕು. 2014ರಲ್ಲಿ "ಇದು ವಾಲಿದೆ, ಹಾಗಾದರೆ ಹೋಯ್ತು" ಅಂತಲೇ ಎಲ್ಲವನ್ನೂ ಎಣಿಸಿದ್ದೆ. ಜೊತೆಗೆ ಈ ಸೀಟುಗಳು ಒಂದಕ್ಕೊಂದು ಸಂಬಂಧ ಇಲ್ಲದ ನಾಣ್ಯಗಳಲ್ಲ. ಸಮೀಕ್ಷೆ 2 ಅಂಶ ತಪ್ಪಿದರೆ ಎಲ್ಲ ಕಡೆ ಒಟ್ಟಿಗೇ ತಪ್ಪಿರುತ್ತೆ. ಅದಕ್ಕೆ ಹಾಳೆಯನ್ನು ಮೂರು ಸಲ ಓಡಿಸುತ್ತೇನೆ: ಸಮೀಕ್ಷೆ ಹೇಳಿದ ಹಾಗೆ ಒಂದು, 2 ಅಂಶ ಆ ಕಡೆ ತಳ್ಳಿ ಒಂದು, 2 ಅಂಶ ಈ ಕಡೆ ತಳ್ಳಿ ಒಂದು. 2018ರಲ್ಲಿ ನಡುವಿನ ಸಂಖ್ಯೆ 34 ಬಂದಿತ್ತು. ಡೆಮಾಕ್ರಾಟರು ಗಳಿಸಿದ್ದು 40.

ಮೂರನೇದು ಉಪಚುನಾವಣೆ. ಇದನ್ನು ಗಂಭೀರವಾಗಿ ತೆಗೆದುಕೊಳ್ಳಲು ನನಗೆ ಕಷ್ಟವಾಯಿತು, ಯಾಕಂದ್ರೆ ನಮ್ಮೂರಲ್ಲಿ ಉಪಚುನಾವಣೆ ಅಂದರೆ ಅಧಿಕಾರದಲ್ಲಿರುವವರಿಗೆ ಅನುಕೂಲ ಅಂತಲೇ ಕೇಳಿ ಬೆಳೆದವರು ನಾವು. ಇಲ್ಲಿ ಅದು ಜನರ ಹುಮ್ಮಸ್ಸಿನ ಥರ್ಮಾಮೀಟರ್. ಕಡಿಮೆ ಜನ ಬರುವ ದಿನ ಯಾವ ಪಕ್ಷದವರು ಬೂತಿಗೆ ಬಂದೇ ಬರುತ್ತಾರೆ ಅನ್ನೋದು ಗೊತ್ತಾಗುತ್ತೆ. 2018ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ 18ನೇ ಕ್ಷೇತ್ರದಲ್ಲಿ, ಟ್ರಂಪ್ 20 ಅಂಶಗಳ ಹತ್ತಿರ ಗೆದ್ದಿದ್ದ ಜಾಗದಲ್ಲಿ, ಡೆಮಾಕ್ರಾಟ್ ಕಾನರ್ ಲ್ಯಾಂಬ್ ಸಾವಿರಕ್ಕಿಂತ ಕಡಿಮೆ ಮತಗಳಿಂದ ಗೆದ್ದರು. ಮುಖ್ಯ ಅನ್ನಿಸಬೇಕಾದ್ದು ಅವರು ಗೆದ್ದರು ಅನ್ನೋದಲ್ಲ, 20 ಅಂಶ ಕರಗಿತು ಅನ್ನೋದು.

ಇನ್ನೊಂದು ಗುರುತು, ಯಾರು ಮತ್ತೆ ನಿಲ್ಲಲ್ಲ ಅಂತಾರೆ ಅನ್ನೋದು. 2018ರ ಜನವರಿಯಲ್ಲಿ ನಮ್ಮ ಅಕ್ಕಪಕ್ಕದ ರಿಪಬ್ಲಿಕನ್ ಸದಸ್ಯರಾದ ಎಡ್ ರಾಯ್ಸ್, ಡ್ಯಾರೆಲ್ ಇಸಾ ಇಬ್ಬರೂ ಒಂದೇ ವಾರದಲ್ಲಿ ಹಿಂದೆ ಸರಿದರು. ಏಪ್ರಿಲ್‌ನಲ್ಲಿ ಸ್ಪೀಕರ್ ಪಾಲ್ ರಯಾನ್ ಅವರೇ ಸಾಕು ಅಂದರು. ತಮ್ಮ ಕ್ಷೇತ್ರದ ನಾಡಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ, ಅಲ್ವಾ?

ಸೆನೆಟ್‌ಗೆ ಬೇರೆಯೇ ಹಾಳೆ ಇಟ್ಟುಕೊಳ್ಳಿ. ಅಲ್ಲಿ ಮಳೆಗಿಂತ ಯಾವ ಸೀಟುಗಳು ಆ ವರ್ಷ ಚುನಾವಣೆಗೆ ಬಂದಿವೆ ಅನ್ನೋದೇ ಮುಖ್ಯ. 2018ರಲ್ಲಿ ಬಂದ 35 ಸೀಟುಗಳಲ್ಲಿ 26 ಡೆಮಾಕ್ರಾಟರ ಕಡೆಯವು. ಹೌಸ್‌ನಲ್ಲಿ 40 ಗಳಿಸಿದ ಅದೇ ದಿನ ಸೆನೆಟ್‌ನಲ್ಲಿ ಅವರ ಬಲ 2 ಕಡಿಮೆಯಾಯಿತು.

ಈಗ 2022. ಇದರ ಬಗ್ಗೆ ಬರೆಯಲೇಬೇಕು, ಯಾಕಂದ್ರೆ ಗೊತ್ತಿದ್ದೂ ತಪ್ಪಿದೆ. ಜೂನ್‌ನಲ್ಲಿ ಹಣದುಬ್ಬರ 9.1%. ಇಲ್ಲಿ ಗ್ಯಾಲನ್ ಪೆಟ್ರೋಲಿಗೆ 6 ಡಾಲರ್ ಮೇಲೆ. ವಾರಕ್ಕೊಮ್ಮೆ ಟ್ಯಾಂಕ್ ತುಂಬಿಸುವಾಗ ಪಂಪಿನ ಮೇಲಿನ ಅಂಕಿ ನೋಡಿ ನನಗೇ ಸಿಟ್ಟು ಬರುತ್ತಿತ್ತು. ಬೈಡನ್ ಮೆಚ್ಚುಗೆ 40%ರ ಹತ್ತಿರ. ಜುಲೈನಲ್ಲಿ ರಿಪಬ್ಲಿಕನ್ನರಿಗೆ 26 ಸೀಟು ಹೆಚ್ಚಾಗುತ್ತೆ ಅಂತ ಬರೆದೆ. ಹೆಚ್ಚಾಗಿದ್ದು 9. 222ಕ್ಕೆ 213ರಲ್ಲಿ ಕಷ್ಟಪಟ್ಟು ಬಹುಮತ ಸಿಕ್ಕಿತು.

ಹಾಳೆ ಎಲ್ಲವನ್ನೂ ಹೇಳುತ್ತಿತ್ತು. 2020ರಲ್ಲಿ ಟ್ರಂಪ್ ಗೆದ್ದ ಕ್ಷೇತ್ರಗಳಲ್ಲಿ ಗೆದ್ದಿದ್ದ ಡೆಮಾಕ್ರಾಟರು ಬರೀ 7. ತಗ್ಗಿನ ಮನೆಗಳೇ ಕಡಿಮೆ! ಜೂನ್ 24ಕ್ಕೆ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ತೆಗೆದುಹಾಕಿತು. ಆಗಸ್ಟ್ 2ಕ್ಕೆ ಕ್ಯಾನ್ಸಸ್‌ನಂಥ ರಿಪಬ್ಲಿಕನ್ ರಾಜ್ಯದಲ್ಲೇ ಜನ 59ಕ್ಕೆ 41ರಂತೆ ಆ ಹಕ್ಕಿನ ಪರವಾಗಿ ನಿಂತರು. ಆಗಸ್ಟ್ 23ಕ್ಕೆ ನ್ಯೂಯಾರ್ಕ್‌ನ 19ನೇ ಕ್ಷೇತ್ರದ ಉಪಚುನಾವಣೆಯಲ್ಲಿ ಸೋಲುತ್ತಾರೆ ಅಂದುಕೊಂಡಿದ್ದ ಡೆಮಾಕ್ರಾಟ್ ಪ್ಯಾಟ್ ರಯಾನ್ ಗೆದ್ದರು. ಥರ್ಮಾಮೀಟರ್ ಕೈಯಲ್ಲೇ ಇತ್ತು. ನಾನು ಪೆಟ್ರೋಲ್ ಪಂಪ್ ನೋಡುತ್ತಿದ್ದೆ. ಅಕ್ಟೋಬರ್‌ನಲ್ಲಿ 26 ಹೊಡೆದು 20 ಅಂತ ಮಾಡಿದೆ, ಅದಕ್ಕಿಂತ ಕೆಳಗಿಳಿಸಲು ಧೈರ್ಯ ಬರಲಿಲ್ಲ. ನನ್ನ ಮನಸ್ಸಿನ ಸಿಟ್ಟನ್ನು ಎಲ್ಲರ ಸಿಟ್ಟು ಅಂದುಕೊಂಡಿದ್ದೇ ಆ ವರ್ಷದ ತಪ್ಪು.

ಅಭ್ಯರ್ಥಿಯ ಲೆಕ್ಕವನ್ನೂ ಬಿಟ್ಟಿದ್ದೆ. ವಾಷಿಂಗ್ಟನ್ ರಾಜ್ಯದ 3ನೇ ಕ್ಷೇತ್ರದಲ್ಲಿ ಟ್ರಂಪ್ ಮಹಾಭಿಯೋಗಕ್ಕೆ ವೋಟ್ ಹಾಕಿದ್ದ ರಿಪಬ್ಲಿಕನ್ ಸದಸ್ಯೆ ಪ್ರೈಮರಿಯಲ್ಲೇ, ಅಂದರೆ ನವೆಂಬರ್‌ಗೆ ಮುಂಚಿನ ಮೊದಲ ಸುತ್ತಿನಲ್ಲೇ, ಸೋತರು. ಅವರ ಜಾಗಕ್ಕೆ ಬಂದ ಜೋ ಕೆಂಟ್ ನಡುವಿನ ಮತದಾರರಿಗೆ ಹಿಡಿಸಲಿಲ್ಲ. ಡೆಮಾಕ್ರಾಟ್ ಮೇರಿ ಗ್ಲೂಸೆನ್‌ಕ್ಯಾಂಪ್ ಪೆರೆಜ್ ಗೆದ್ದರು. ಚುನಾವಣೆ ಫಲಿತಾಂಶ ಅಂದಾಜು ಮಾಡುವ ದೊಡ್ಡ ಮಾಡೆಲ್ ಒಂದು ಅವರಿಗೆ ನೂರಕ್ಕೆ ಎರಡು ಅವಕಾಶ ಕೊಟ್ಟಿತ್ತು. ನಾನು ಕೊಟ್ಟದ್ದು ಐದು.

ಆ ವರ್ಷ ನಮ್ಮ ಕನ್ನಡ ಬಳಗದವರು ಹೆಚ್ಚು ಕೇಳಿದ್ದು ಶ್ರೀ ಥಾಣೇದಾರ್ ಬಗ್ಗೆ. ಹುಟ್ಟಿದ್ದು ಚಿಕ್ಕೋಡಿಯಲ್ಲಿ, ನಿಂತಿದ್ದು ಮಿಷಿಗನ್‌ನ 13ನೇ ಕ್ಷೇತ್ರದಲ್ಲಿ. ಗೆದ್ದರು, ಖುಷಿಯಾಯಿತು. ಆದರೆ ಅದು ಡೆಮಾಕ್ರಾಟರ ಭದ್ರ ಸೀಟು, ನಿಜವಾದ ಸ್ಪರ್ಧೆ ಮುಗಿದದ್ದು ಪ್ರೈಮರಿಯಲ್ಲೇ. 435ರಲ್ಲಿ ಹೆಚ್ಚಿನವು ಹೀಗೇ ಇವೆ. ಅವುಗಳ ಮೇಲೆ ಸಮಯ ಹಾಕಬೇಡಿ. ಕೆಲಸ ಇರೋದು ಐವತ್ತು ಅರವತ್ತು ಸೀಟುಗಳಲ್ಲಿ ಮಾತ್ರ.

ಈಗ 2026ರ ಹಾಳೆ ತೆರೆದಿಟ್ಟಿದ್ದೇನೆ. 2024ರಲ್ಲಿ ರಿಪಬ್ಲಿಕನ್ನರು 220, ಡೆಮಾಕ್ರಾಟರು 215. ಬಹುಮತಕ್ಕೆ ಡೆಮಾಕ್ರಾಟರಿಗೆ ಬೇಕಿರೋದು ಮೂರೇ ಸೀಟು. ಚರಿತ್ರೆ ಅವರ ಕಡೆಗಿದೆ. ಆದರೆ ತಗ್ಗಿನ ಮನೆಗಳನ್ನು ಎಣಿಸಿ ನೋಡಿ: 2024ರ ಕ್ಷೇತ್ರಗಳ ಗಡಿ ಗೆರೆಗಳ ಪ್ರಕಾರ ಕಮಲಾ ಹ್ಯಾರಿಸ್ ಗೆದ್ದ ಕ್ಷೇತ್ರಗಳಲ್ಲಿ ಗೆದ್ದ ರಿಪಬ್ಲಿಕನ್ನರು 3 ಮಾತ್ರ, ಟ್ರಂಪ್ ಗೆದ್ದ ಕಡೆ ಗೆದ್ದ ಡೆಮಾಕ್ರಾಟರು 13. 2018ರ 23ಕ್ಕೂ ಈ 3ಕ್ಕೂ ಎಷ್ಟು ವ್ಯತ್ಯಾಸ! ಆ ಮೂವರಲ್ಲಿ ಒಬ್ಬರಾದ ನೆಬ್ರಾಸ್ಕಾದ ಡಾನ್ ಬೇಕನ್ 2025ರಲ್ಲೇ ಮತ್ತೆ ನಿಲ್ಲಲ್ಲ ಅಂದರು, ಅದನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇನೆ. ಮಳೆ 2018ರಷ್ಟೇ ಬಂದರೂ 40 ಅಂತ ಬರೆಯಲು ನನ್ನ ಕೈ ಏಳೋದಿಲ್ಲ.

ಅದರ ಮೇಲೆ ಗೆರೆಗಳೇ ಬದಲಾದವು. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಮಾಡುವ ಮರುವಿಂಗಡಣೆಯನ್ನು ಟೆಕ್ಸಾಸ್ 2025ರಲ್ಲಿ ನಡುವೆಯೇ ಮಾಡಿತು, ರಿಪಬ್ಲಿಕನ್ನರಿಗೆ ಐದು ಸೀಟು ಹೆಚ್ಚು ಸಿಗಲಿ ಅಂತ. ಅದಕ್ಕೆ ಎದುರಾಗಿ ಕ್ಯಾಲಿಫೋರ್ನಿಯಾದಲ್ಲಿ ನವೆಂಬರ್‌ನಲ್ಲಿ ಪ್ರಾಪ್ 50ಕ್ಕೆ, ಅಂದರೆ ಡೆಮಾಕ್ರಾಟರಿಗೆ ಅನುಕೂಲವಾಗುವ ಹೊಸ ಗೆರೆಗಳ ಪ್ರಸ್ತಾವಕ್ಕೆ, ಜನ ವೋಟ್ ಹಾಕಿ ಹೂಂ ಅಂದರು. ಟೆಕ್ಸಾಸ್‌ನ 38, ಕ್ಯಾಲಿಫೋರ್ನಿಯಾದ 52, ಒಟ್ಟು 90 ಸಾಲು ಅಳಿಸಿ, ಹೊಸ ಗೆರೆಗಳೊಳಗೆ 2024ರ ಮತಗಳನ್ನು ಮತ್ತೆ ಕೂಡಿಸುತ್ತಾ ಎರಡು ವಾರಾಂತ್ಯ ಕಳೆಯಿತು. ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದಿರುವುದರಿಂದ ಆ ಕೆಲಸ ಇನ್ನೂ ಮುಗಿದಿಲ್ಲ. ಕೊನೆಯ ಕೋಶ, ಒಟ್ಟು ಸಂಖ್ಯೆ ಬರೆಯುವ ಕೋಶ, ಖಾಲಿ ಇದೆ. ಸೆಪ್ಟೆಂಬರ್‌ನಲ್ಲಿ ಲೇಬರ್ ಡೇ ಕಳೆದ ಮೇಲೆ ತುಂಬುತ್ತೇನೆ, ಅಲ್ಲಿಯವರೆಗೆ ನಡೆದ ಉಪಚುನಾವಣೆಗಳನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು.