ಮಾಳಿಗೆಯಿಂದ ದೂರದ ಎಫ್‌ಎಂ: ಕಲಬುರಗಿ ಸೀಮೆಯ ಕೇಳುಗರಿಗೆ ಆರಂಭದ ಮಾರ್ಗದರ್ಶಿ

ಎಫ್‌ಎಂ ಪ್ರಸಾರದ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯ ಬಾಗನ್ನು ಅನುಸರಿಸಿ ಬಹಳ ದೂರ ಹೋಗಲಾರವು. ಸಮತಟ್ಟಾದ ನೆಲದಲ್ಲಿ 100 ಮೀಟರ್ ಎತ್ತರದ ಗೋಪುರದಿಂದ ಹೊರಟ ಪ್ರಸಾರವು 10 ಮೀಟರ್ ಎತ್ತರದ ಮಾಳಿಗೆಯ ಆಂಟೆನಾವನ್ನು ನೇರವಾಗಿ ತಲುಪುವುದು ಸುಮಾರು 54 ಕಿ.ಮೀ.ವರೆಗೆ ಮಾತ್ರ. ಕಲಬುರಗಿಯಿಂದ ನೇರ ರೇಖೆಯಲ್ಲಿ ಸೊಲ್ಲಾಪುರ ಸುಮಾರು 105 ಕಿ.ಮೀ., ಹೈದರಾಬಾದ್ ಸುಮಾರು 175 ಕಿ.ಮೀ. ದೂರದಲ್ಲಿವೆ. ಆದರೂ ಈ ಊರುಗಳ ನಿಲಯಗಳನ್ನು ಇಲ್ಲಿ ಕುಳಿತು ಕೇಳಲು ಸಾಧ್ಯವಿದೆ. ಅದಕ್ಕೆ ದುಬಾರಿ ರೇಡಿಯೊಕ್ಕಿಂತ ಹೆಚ್ಚಾಗಿ ಬೇಕಾದುದು ಸರಿಯಾದ ದಿಕ್ಕಿಗೆ ಮುಖಮಾಡಿದ, ಎತ್ತರದಲ್ಲಿ ನಿಂತ ಆಂಟೆನಾ ಮತ್ತು ಸರಿಯಾದ ಹೊತ್ತು.

ಆಂಟೆನಾ ಕೊಳ್ಳುವ ಮೊದಲು, ಕೈಯಲ್ಲಿರುವ ರೇಡಿಯೊವನ್ನೇ ಮಾಳಿಗೆಗೆ ಒಯ್ದು ಕೆಲವು ದಿನ ಕೇಳಬೇಕು. ಆರ್‌ಸಿಸಿ ಮನೆಯ ಚಾವಣಿಯೊಳಗಿನ ಕಬ್ಬಿಣದ ಜಾಲವು ಸಂಕೇತವನ್ನು ಬಹಳಷ್ಟು ತಡೆಯುತ್ತದೆ. ಶಹಾಬಾದ್ ಕಲ್ಲಿನ ಚಪ್ಪಡಿ ಹೊದಿಸಿದ ಹಳೆಯ ಮನೆಗಳಲ್ಲಿ ಈ ತೊಂದರೆ ಕಡಿಮೆ, ಆದರೆ ಅಲ್ಲಿಯೂ ಬಯಲಿಗೆ ಸಮನಾದ ಜಾಗವಿಲ್ಲ. 88ರಿಂದ 108 ಮೆಗಾಹರ್ಟ್ಸ್‌ವರೆಗೆ 0.1ರ ಹೆಜ್ಜೆಯಲ್ಲಿ ಸಾಗುತ್ತ, ಸ್ಥಳೀಯ ನಿಲಯಗಳು ಎಲ್ಲೆಲ್ಲಿವೆ ಮತ್ತು ಯಾವ ಕಂಪನಾಂಕಗಳಲ್ಲಿ ಬರೀ ಗೊರಗೊರ ಸದ್ದಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ದೂರದ ನಿಲಯಗಳು ಬರುವುದು ಈ ಖಾಲಿ ಜಾಗಗಳಲ್ಲೇ. ಎಫ್‌ಎಂನಲ್ಲಿ ಒಂದೇ ಕಂಪನಾಂಕದ ಎರಡು ಸಂಕೇತಗಳ ಪೈಕಿ ಬಲವಾದುದು ಇನ್ನೊಂದನ್ನು ಪೂರ್ತಿ ಮುಚ್ಚಿಬಿಡುವುದರಿಂದ, ಸ್ಥಳೀಯ ನಿಲಯದ ಅಡಿಯಲ್ಲಿ ದೂರದ್ದನ್ನು ಹುಡುಕುವುದು ವ್ಯರ್ಥ.

ರೇಡಿಯೊ ಹೊಸದಾಗಿ ಕೊಳ್ಳುವುದಾದರೆ, ಪಕ್ಕದ ಕಂಪನಾಂಕದ ಬಲವಾದ ನಿಲಯವನ್ನು ದೂರವಿಡುವ ಶಕ್ತಿಯನ್ನೇ ಮೊದಲು ನೋಡಬೇಕು. ಕಾರಿನ ಸ್ಟೀರಿಯೊಗಳು ಈ ವಿಷಯದಲ್ಲಿ ಸಾಮಾನ್ಯ ಪಾಕೆಟ್ ರೇಡಿಯೊಗಳಿಗಿಂತ ಮೇಲು. ಹಳೆಯದೊಂದನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸಿ ಬಳಸಬಹುದು. ಕಾರಿನ ರೇಡಿಯೊಗಳಿಗೆಂದೇ ತಯಾರಾದ ಟಿಇಎಫ್6686 ಚಿಪ್ ಇರುವ ಪುಟ್ಟ ರೇಡಿಯೊಗಳು ಈಗ ಸಿಗುತ್ತವೆ. ನನ್ನ ಅಭಿಪ್ರಾಯದಲ್ಲಿ ಈ ಹವ್ಯಾಸಕ್ಕೆ ಅವು ಅತ್ಯುತ್ತಮ. ಕಂಪ್ಯೂಟರಿಗೆ ಸಿಕ್ಕಿಸಿ ಅದನ್ನೇ ರೇಡಿಯೊ ಮಾಡಿಕೊಳ್ಳುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಅಗ್ಗವಾದರೂ, ಹತ್ತಿರದ ಗೋಪುರದ ಪ್ರಸಾರಕ್ಕೆ ಬೇಗ ತತ್ತರಿಸುತ್ತದೆ.

ಮೊದಲ ಆಂಟೆನಾವನ್ನು ಮನೆಯಲ್ಲೇ ಮಾಡಬಹುದು. ಎಫ್‌ಎಂ ತರಂಗದ ಉದ್ದ ಸುಮಾರು 3 ಮೀಟರ್. ಅದರ ಅರ್ಧದಷ್ಟು ಉದ್ದದ ಡೈಪೋಲ್, ಅಂದರೆ ಎರಡು ಲೋಹದ ತೋಳುಗಳ ಆಂಟೆನಾ, ಈ ಬ್ಯಾಂಡಿಗೆ ಹೊಂದುತ್ತದೆ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉದ್ದ ಮೀಟರಿನಲ್ಲಿ ಸಿಗುತ್ತದೆ: 98 ಮೆಗಾಹರ್ಟ್ಸ್‌ಗೆ 1.46 ಮೀಟರ್, ಅಂದರೆ ಒಂದೊಂದು ತೋಳು 73 ಸೆಂ.ಮೀ. ಎರಡು ತೋಳುಗಳನ್ನೂ ಪಿವಿಸಿ ಪೈಪಿನ ಮೇಲೆ ಒಂದೇ ಸಾಲಿನಲ್ಲಿ, ಒಂದಕ್ಕೊಂದು ತಾಗದಂತೆ ಬಿಗಿದು, ಒಂದಕ್ಕೆ ಕೇಬಲಿನ ನಡುತಂತಿಯನ್ನೂ ಇನ್ನೊಂದಕ್ಕೆ ಹೊರಜಾಲವನ್ನೂ ಜೋಡಿಸಬೇಕು. ಕೇಬಲ್ ಟಿವಿಯವರು ಬಳಸುವ 75 ಓಮ್‌ನ ಆರ್‌ಜಿ-6 ಇದಕ್ಕೆ ಸರಿಹೊಂದುತ್ತದೆ.

ಡೈಪೋಲ್ ತನ್ನ ತುದಿಗಳ ಕಡೆಯಿಂದ ಬರುವುದನ್ನು ಬಹುತೇಕ ಹಿಡಿಯುವುದಿಲ್ಲ. ಎರಡು ಮಗ್ಗುಲುಗಳಿಂದ ಬರುವುದನ್ನು ಚೆನ್ನಾಗಿ ಹಿಡಿಯುತ್ತದೆ. ಈ ಗುಣ ಕಲಬುರಗಿಗೆ ವರವೇ ಸರಿ. ಹೈದರಾಬಾದ್ ಇಲ್ಲಿಂದ ಹೆಚ್ಚುಕಡಿಮೆ ನೇರ ಪೂರ್ವಕ್ಕೂ ಸೊಲ್ಲಾಪುರ ಪಶ್ಚಿಮ-ವಾಯವ್ಯಕ್ಕೂ ಇರುವುದರಿಂದ, ಉತ್ತರ-ದಕ್ಷಿಣವಾಗಿ ಮಲಗಿಸಿದ ಒಂದೇ ಡೈಪೋಲ್ ಎರಡೂ ಕಡೆಗೆ ಕಿವಿಗೊಡುತ್ತದೆ. ಎತ್ತರದ ಪ್ರಸ್ಥಭೂಮಿಯ ಮೇಲಿರುವ ಬೀದರಿನಿಂದ ಹೈದರಾಬಾದ್ ಪೂರ್ವ-ಆಗ್ನೇಯಕ್ಕೆ ಸುಮಾರು 120 ಕಿ.ಮೀ. ಮಾತ್ರ, ಅಲ್ಲಿಯ ಕೇಳುಗರಿಗೆ ದಾರಿ ಇನ್ನೂ ಸುಗಮ. ಯಾದಗಿರಿಯವರು ದಕ್ಷಿಣ-ಆಗ್ನೇಯದ ರಾಯಚೂರಿನಿಂದ ಆರಂಭಿಸಬಹುದು. ಹೈದರಾಬಾದಿನ ಕಡೆಗೆ ಆಕಾಶವಾಣಿಯ ರೇನ್‌ಬೋ 101.9 ಮತ್ತು ವಿವಿಧ ಭಾರತಿ 102.8 ಮೊದಲ ಗುರಿಯಾಗಲಿ.

ಡೈಪೋಲಿನಲ್ಲಿ ಕೈ ಕುದುರಿದ ಮೇಲೆ ಯಾಗಿ ಎಂಬ, ಒಂದೇ ದಿಕ್ಕಿಗೆ ಮುಖಮಾಡುವ ಆಂಟೆನಾಕ್ಕೆ ಹೋಗಬೇಕು. ಡೈಪೋಲಿನ ಹಿಂದೆ ಅದಕ್ಕಿಂತ ಶೇ. 5ರಷ್ಟು ಹೆಚ್ಚು ಉದ್ದದ, ಮುಂದೆ ಅಷ್ಟೇ ಗಿಡ್ಡದ ಅಲ್ಯೂಮಿನಿಯಂ ಕೊಳವೆಯನ್ನು ಸುಮಾರು 60 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿದರೆ ಮೂರು ಕಡ್ಡಿಗಳ ಯಾಗಿ ಸಿದ್ಧ. ಇದು ಮುಂದಿನ ದಿಕ್ಕನ್ನು ಬಲಪಡಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಊರೊಳಗಿರುವವರಿಗೆ ಅದಕ್ಕಿಂತ ಬೆಲೆಯುಳ್ಳದ್ದು ಬೆನ್ನ ಹಿಂದಿನ ಸ್ಥಳೀಯ ಗೋಪುರವನ್ನು ಅದು ತಗ್ಗಿಸುವ ಗುಣ. ಇದೇ ಕಾರಣಕ್ಕೆ ಅಂಗಡಿಯವರು ಒತ್ತಾಯಿಸಿದರೂ ಬೂಸ್ಟರ್ ಕೊಳ್ಳಬೇಡಿ: ಅದು ಸ್ಥಳೀಯ ನಿಲಯವನ್ನೂ ಅಷ್ಟೇ ಹಿಗ್ಗಿಸಿ, ಇಲ್ಲದ ಕಡೆಗಳಲ್ಲೆಲ್ಲ ಅದರ ನೆರಳುಗಳನ್ನು ಮೂಡಿಸುತ್ತದೆ. ಮಾಳಿಗೆಯಲ್ಲಿ ಉಳಿದಿರುವ ದೂರದರ್ಶನ ಕಾಲದ ಆಂಟೆನಾವನ್ನು ಹಾಗೆಯೇ ಬಳಸುವ ಆಸೆಯೂ ಸಹಜ. ಆದರೆ ಅದರ ಕಡ್ಡಿಗಳು ಟಿವಿ ಬ್ಯಾಂಡಿನ ಅಳತೆಯವು. ಅದರ ಕಂಬವನ್ನು ಮಾತ್ರ ಉಳಿಸಿಕೊಳ್ಳಿ. ಆಂಟೆನಾವನ್ನು ಅಡ್ಡಲಾಗಿ ಇಟ್ಟಾಗ ದುರ್ಬಲವೆನಿಸಿದ ನಿಲಯವನ್ನು ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿಯೂ ಪರೀಕ್ಷಿಸಬೇಕು.

ಕಂಬ ಉರುಳಿದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರದಲ್ಲಿರಲಿ, ಅದಕ್ಕೆ ಅರ್ಥಿಂಗ್ ಇರಲಿ. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನ ದಿನಗಳಲ್ಲಿ, ಮೋಡ ಕಟ್ಟುವ ಮೊದಲೇ ಕೇಬಲನ್ನು ರೇಡಿಯೊದಿಂದ ಬಿಚ್ಚಿ ಮನೆಯ ಹೊರಗಿಡಬೇಕು. ಈ ವಿಷಯದಲ್ಲಿ ಸೋಮಾರಿತನ ಸಲ್ಲದು.

ಹೊತ್ತಿನ ಮಾತಿಗೆ ಬಂದರೆ, ಕಾರ್ತಿಕ ಕಳೆದು ಮಾಘದವರೆಗಿನ ಶುಭ್ರ, ಗಾಳಿಯಿಲ್ಲದ ರಾತ್ರಿಗಳ ಕೊನೆಯ ಜಾವವೇ ಶ್ರೇಷ್ಠ. ಆಗ ನೆಲ ಬೇಗ ತಣಿದು, ಮೇಲೆ ಬೆಚ್ಚನೆಯ ಗಾಳಿಯ ಪದರ ಉಳಿಯುತ್ತದೆ. ಈ ತಲೆಕೆಳಗಾದ ಉಷ್ಣತೆಯು ತರಂಗಗಳನ್ನು ಮತ್ತೆ ನೆಲದತ್ತ ಬಾಗಿಸುತ್ತದೆ. ಬಿಸಿಲೇರಿದಂತೆ ಪದರ ಕರಗಿ, ನಿಲಯಗಳೂ ಮರೆಯಾಗುತ್ತವೆ. ಮೇ ತಿಂಗಳಿನಿಂದ ಜುಲೈವರೆಗೆ ಇನ್ನೊಂದು ಅಪರೂಪದ ಅವಕಾಶವಿದೆ: ಸುಮಾರು 100 ಕಿ.ಮೀ. ಎತ್ತರದ ಅಯಾನುಗೋಳದಲ್ಲಿ (ವಿದ್ಯುದಾವೇಶವುಳ್ಳ ಮೇಲಿನ ವಾಯುಪದರದಲ್ಲಿ) ಆಗಾಗ ದಟ್ಟವಾಗುವ ‘ಇ’ ಎಂಬ ಪದರವು 1000ದಿಂದ 2000 ಕಿ.ಮೀ. ಆಚೆಯ ಪ್ರಸಾರವನ್ನು ಕೆಲವೇ ನಿಮಿಷಗಳ ಮಟ್ಟಿಗೆ ತಂದುಕೊಡಬಲ್ಲದು. ಇದು ಮೊದಲು ಬ್ಯಾಂಡಿನ ಕೆಳತುದಿಯಲ್ಲಿ ಕಾಣಿಸುವುದರಿಂದ 88ರ ಆಸುಪಾಸಿನಲ್ಲಿ ಕಾವಲಿರಬೇಕು.

ಕೇಳಿದ್ದನ್ನು ಗುರುತಿಸುವಲ್ಲಿ ಆತುರ ಬೇಡ. ಖಾಸಗಿ ವಾಹಿನಿಗಳು ಹಲವು ನಗರಗಳಲ್ಲಿ 93.5, 98.3ರಂತಹ ಒಂದೇ ಕಂಪನಾಂಕವನ್ನು ಬಳಸುತ್ತವೆ. ಆಕಾಶವಾಣಿಯ ನಿಲಯಗಳು ದೆಹಲಿಯ ವಾರ್ತೆಗಳನ್ನು ಮರುಪ್ರಸಾರ ಮಾಡುತ್ತವೆ. ಹೀಗಾಗಿ ಕಂಪನಾಂಕವಾಗಲಿ ಭಾಷೆಯಾಗಲಿ ಸಾಕ್ಷ್ಯವಲ್ಲ. ಬಟ್ಟೆ ಅಂಗಡಿಯ ಜಾಹೀರಾತಿನಲ್ಲಿ ಬರುವ ಬೀದಿಯ ಹೆಸರು ಅಥವಾ ಉದ್ಘೋಷಕರು ಹೇಳುವ ನಿಲಯದ ಹೆಸರು ಸಿಗುವವರೆಗೆ ಕಾಯಬೇಕು. ದಿನಾಂಕ, ಸಮಯ, ಕಂಪನಾಂಕ, ಆಂಟೆನಾದ ದಿಕ್ಕು, ಕೇಳಿದ ಮಾತು ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಹೆಸರು ತಿಳಿಯದಿದ್ದರೆ ಆ ಜಾಗವನ್ನು ಖಾಲಿ ಬಿಟ್ಟು, ಮರುದಿನ ಅದೇ ಹೊತ್ತಿಗೆ, ಅದೇ ದಿಕ್ಕಿಗೆ ಆಂಟೆನಾ ತಿರುಗಿಸಿ ಮತ್ತೆ ಕೇಳಿ.